ಕೂತಲ್ಲಿಂದಲೇ ಕೈಗೆ ಸಿಗಬೇಕು: ಕಯಾಕ್‌ಗೆ ರಾಡ್ ಹೋಲ್ಡರ್ ಕೂರಿಸಿದ ನನ್ನ ಅನುಭವ

ಕಳೆದ ಕಾರ್ತಿಕದಲ್ಲಿ ಕುಣಿಗಲ್ ತಾಲ್ಲೂಕಿನ ಕೆರೆಯೊಂದರಲ್ಲಿ ಕಯಾಕ್ ಮೇಲೆ, ಅಂದರೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿಯ ಮೇಲೆ ಇದ್ದಾಗ, ನನ್ನ ಒಂದು ರಾಡ್ (ಗಾಳದ ಕೋಲು) ನೀರುಪಾಲಾಯಿತು. ಹೇಮಾವತಿ ನೀರು ಹರಿದು ಕೆರೆ ತುಂಬಿತ್ತು. ಕೆರೆಯಂಗಳದ ಕರಿಜಾಲಿ ಮರಗಳು ಅರ್ಧ ಮುಳುಗಿ ನಿಂತಿದ್ದವು. ರಾಗಿ ಹಿಟ್ಟು ಮತ್ತು ಕಡಲೆಕಾಯಿ ಹಿಂಡಿ ಕಲಸಿದ ಉಂಡೆಯನ್ನು ಗಾಳಕ್ಕೆ ಚುಚ್ಚಿ, ಕಾಟ್ಲಾ ಮೀನು ಬರಲೆಂದು ರಾಡನ್ನು ಸೀಟಿನ ಹಿಂದೆ ಅದನ್ನು ನಿಲ್ಲಿಸಲೆಂದೇ ಇರುವ ಹೋಲ್ಡರ್‌ಗೆ ಸಿಕ್ಕಿಸಿ ಕೂತಿದ್ದೆ. ದಾರ ಸುತ್ತಿಡುವ ರೀಲ್ ಕಿರ್ರೆಂದು ಕೂಗಿದಾಗ ಸೊಂಟ ತಿರುಗಿಸಿ ಬಲಗೈಯನ್ನು ಹಿಂದಕ್ಕೆ ಚಾಚಿದೆ. ಕಯಾಕ್ ಬಲಕ್ಕೆ ವಾಲಿತು, ತೊಡೆಯ ಮೇಲೆ ನೀರು ಬಂತು. ಅರ್ಧ ಹೊರಗೆ ಬಂದಿದ್ದ ರಾಡನ್ನು ಬಿಟ್ಟು ದೋಣಿಯ ಅಂಚು ಹಿಡಿದುಕೊಂಡೆ. ನೆಟ್ಟಗೆ ಕೂರುವಷ್ಟರಲ್ಲಿ ರಾಡೂ ಇಲ್ಲ, ಮೀನೂ ಇಲ್ಲ. ಅಲ್ಲಿ ಎರಡಾಳು ಆಳವಿತ್ತು. ಲೈಫ್ ಜಾಕೆಟ್ ತೊಟ್ಟಿದ್ದರಿಂದ ಭಯವಾಗಲಿಲ್ಲ. ಆದರೆ ಆ ರಾಡ್ ನನಗೆ ತುಂಬಾ ಇಷ್ಟದ್ದಾಗಿತ್ತು.

ಮೀನುಗಾರಿಕೆಯ ಕಯಾಕ್‌ಗಳಿಗೆ ಕಾರ್ಖಾನೆಯಲ್ಲೇ ಸೀಟಿನ ಹಿಂದೆ ತೂತಿನಂಥ ಎರಡು ಹೋಲ್ಡರ್ ಇಟ್ಟಿರುತ್ತಾರೆ. ಹುಟ್ಟು ಹಾಕುವಾಗ ಅವು ಅಡ್ಡ ಬರುವುದಿಲ್ಲ, ಹಾಗಾಗಿ ರಾಡ್ ಸಾಗಿಸಲು ಬಹಳ ಅನುಕೂಲ. ಮೀನು ಕಚ್ಚುವ ರಾಡನ್ನು ಇಡಲು ಮಾತ್ರ ಅದು ತಕ್ಕ ಜಾಗವಲ್ಲ. ನನ್ನ ಕಯಾಕ್‌ನ ಅಗಲ ಮೂವತ್ತೆರಡು ಇಂಚು. ನಡುವಿನಿಂದ ಅಂಚಿಗೆ ಹದಿನಾರೇ ಇಂಚು. ತಿರುಗಿ ಹಿಂದಕ್ಕೆ ಕೈ ಚಾಚಿದರೆ ಭುಜ, ಮೊಣಕೈ, ತಲೆ ಮೂರೂ ಆ ಅಂಚಿನ ಕಡೆಗೆ ಹೋಗುತ್ತವೆ. ಅದೇ ಹೊತ್ತಿಗೆ ಮೀನೂ ಅದೇ ಕಡೆಗೆ ಎಳೆಯುತ್ತದೆ. ದೋಣಿ ವಾಲದೆ ಇನ್ನೇನು ಮಾಡೀತು?

ಆ ಕೆರೆಯ ಮೀನಿನ ಹಕ್ಕು ಮೀನುಗಾರರ ಸಹಕಾರ ಸಂಘದ್ದು. ಸಂಘದವರನ್ನು ಕೇಳಿ, ಅವರು ಹೇಳಿದಷ್ಟು ಕೊಟ್ಟು, ಬಲೆ ಬಿಟ್ಟ ಕಡೆ ಹೋಗದೆ ಮೀನು ಹಿಡಿಯುತ್ತೇನೆ. ಅಲ್ಲಿ ಹರಿಗೋಲು ನಡೆಸುವ ಹಿರಿಯರೊಬ್ಬರು ಅಂದು ದೂರದಿಂದ ಎಲ್ಲವನ್ನೂ ನೋಡಿದ್ದರು. ದಡಕ್ಕೆ ಬಂದ ಮೇಲೆ, "ಏನಪ್ಪಾ, ಕೋಲನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ನೋಡುತ್ತಾ ಕೂತರೆ ಹೇಗೆ? ನನ್ನ ಹರಿಗೋಲಿನಲ್ಲಿ ಬೇಕಾದದ್ದೆಲ್ಲ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ ನೋಡು" ಎಂದರು. ಬಲೆ, ಕತ್ತಿ, ನೀರು ಮೊಗೆಯುವ ಡಬ್ಬ ಎಲ್ಲವೂ ಹಾಗೆಯೇ ಇದ್ದವು.

ಮನೆಗೆ ಬಂದವನೇ ಕಯಾಕನ್ನು ಅಂಗಳದಲ್ಲಿಟ್ಟು ಅದರೊಳಗೆ ಕೂತು, ಕೈ ಚಾಚಿ, ಬೆರಳು ತಲುಪಿದಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಆ ಗುರುತು ಪೂರ್ತಿ ತಪ್ಪಾಗಿತ್ತು. ಅದಕ್ಕೆ ಕಾರಣ ಎರಡು.

ಮೊದಲನೆಯದು, ನೆಲದ ಮೇಲೆ ದೋಣಿ ಅಲುಗುವುದಿಲ್ಲ. ಅಲ್ಲಿ ನಾವು ಗೊತ್ತಿಲ್ಲದೆಯೇ ಮುಂದಕ್ಕೆ ಬಾಗಿ ಕೈ ಚಾಚುತ್ತೇವೆ. ನೀರಿನಲ್ಲಿ ಲೈಫ್ ಜಾಕೆಟ್ ಎದೆಗೆ ಒತ್ತಿಕೊಂಡು ಅಷ್ಟು ಬಾಗಲು ಬಿಡುವುದಿಲ್ಲ. ನನ್ನ ಲೆಕ್ಕದಲ್ಲಿ ಇದೊಂದರಿಂದಲೇ ನಾಲ್ಕು ಬೆರಳಿನಷ್ಟು ವ್ಯತ್ಯಾಸ ಬಂತು.

ಎರಡನೆಯದು ಇನ್ನೂ ದೊಡ್ಡದು. ಈ ಬರಹವನ್ನು ನಾನು ಬರೆಯುತ್ತಿರುವುದೇ ಅದನ್ನು ಹೇಳಲು. ನಮ್ಮ ಕೈಗೆ ಸಿಗಬೇಕಾದದ್ದು ಹೋಲ್ಡರ್ ಅಲ್ಲ, ರಾಡಿನ ಹಿಡಿ. ಮೀನು ಕಚ್ಚಿದಾಗ ಯಾರೂ ಹೋಲ್ಡರನ್ನು ಹಿಡಿಯುವುದಿಲ್ಲ. ರೀಲಿನ ಬುಡದಲ್ಲೋ ಅದಕ್ಕಿಂತ ಸ್ವಲ್ಪ ಮುಂದೋ ಹಿಡಿಯುತ್ತೇವೆ. ರಾಡ್ ಮುಂದಕ್ಕೆ ಚಾಚಿ ಕೂತಿರುವಾಗ ಆ ಹಿಡಿ ಹೋಲ್ಡರ್‌ನ ಬುಡದಿಂದ ಒಂದು ಗೇಣಿಗಿಂತ ಹೆಚ್ಚು ಮುಂದಿರುತ್ತದೆ. ಹೋಲ್ಡರನ್ನು ಕೈ ಚಾಚಿದ ತುದಿಯಲ್ಲಿ ಕೂರಿಸಿದರೆ ಹಿಡಿ ಕೈಗೆ ಸಿಗುವುದೇ ಇಲ್ಲ. ಪಾದದ ಹತ್ತಿರ ಕೂರಿಸಬೇಕೆಂದುಕೊಂಡಿದ್ದ ಹೋಲ್ಡರ್ ಮೊಣಕಾಲಿನ ಹತ್ತಿರಕ್ಕೆ ಬಂದದ್ದು ಹೀಗೆ. ಹೋಲ್ಡರ್‌ನಲ್ಲಿ ರಾಡ್ ಇಟ್ಟು, ರಾಡಿಗೆ ರೀಲ್ ಹಾಕಿ, ಬೆನ್ನನ್ನು ಸೀಟಿಗೆ ಒರಗಿಸಿಯೇ ಅಳೆಯಬೇಕು.

ಹಾಗಾಗಿ ತೂತು ಕೊರೆಯುವುದನ್ನು ಮುಂದಕ್ಕೆ ಹಾಕಿದೆ. ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲಿ ನನ್ನ ರಾಡಿನ ಬುಡ ಸಲೀಸಾಗಿ ಇಳಿಯುವಂಥ ಪಿವಿಸಿ ಪೈಪಿನ ತುಂಡು ಸಿಕ್ಕಿತು. ಅದನ್ನು ಒಂದು ಹಲಗೆಗೆ ಬಿಗಿದು, ಹಲಗೆಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಯಾಕ್‌ಗೆ ಕಟ್ಟಿದೆ. ಏರಿಯ ಪಕ್ಕದ ಮೊಣಕಾಲುದ್ದ ನೀರಿನಲ್ಲಿ ಮೂರು ಭಾನುವಾರ ಇದೇ ಕೆಲಸ. ಕೂರುವುದು, ಹುಟ್ಟು ಹಾಕುವುದು, ರಾಡ್ ಎತ್ತುವುದು, ಹಲಗೆಯನ್ನು ಎರಡು ಬೆರಳು ಸರಿಸುವುದು, ಮತ್ತೆ ಹುಟ್ಟು ಹಾಕುವುದು. ಮೊದಲ ದಿನ ಪೈಪು ತೀರಾ ಅಂಚಿನಲ್ಲಿತ್ತು. ಹುಟ್ಟು ಹಾಕಿದಾಗಲೆಲ್ಲ ಬೆರಳಿನ ಗಿಣ್ಣು ಬಡಿದು ಚರ್ಮ ಕಿತ್ತುಬಂತು. ಎರಡನೆಯ ವಾರ ಒಳಕ್ಕೆ ಸರಿಸಿದರೆ ಕಾಲು ಮಡಚಲು ಜಾಗ ಸಾಲಲಿಲ್ಲ. ಮೂರನೆಯ ವಾರ ಸರಿಯಾದ ಜಾಗ ಸಿಕ್ಕಿತು: ಮೊಣಕಾಲಿನಿಂದ ನಾಲ್ಕು ಬೆರಳು ಮುಂದೆ, ಅಂಚಿನಿಂದ ಮೂರು ಬೆರಳು ಒಳಗೆ, ಪೈಪಿನ ಬಾಯಿ ಮೊಣಕಾಲಿಗಿಂತ ತಗ್ಗಿನಲ್ಲಿ. ತಗ್ಗಿನಲ್ಲಿದ್ದರೆ ಹುಟ್ಟು ಹಿಡಿದ ಕೈ ಅದರ ಮೇಲೆ ಸಲೀಸಾಗಿ ಹಾದುಹೋಗುತ್ತದೆ. ಇದು ನನ್ನ ಕೈಕಾಲಿನ ಅಳತೆ. ನಿಮ್ಮದು ಬೇರೆಯೇ ಬರುತ್ತದೆ, ಬರಬೇಕು ಕೂಡ.

ಈ ಪರೀಕ್ಷೆಯಲ್ಲಿ ಗೊತ್ತಾದ ಇನ್ನೊಂದು ವಿಷಯ ನನಗೆ ಬಹಳ ಉಪಯೋಗಕ್ಕೆ ಬಂತು. ಗೆಳೆಯನೊಬ್ಬ ಏರಿಯ ಮೇಲೆ ನಿಂತು ದಾರದ ತುದಿ ಹಿಡಿದು ಮೀನಿನಂತೆ ಎಳೆದ. ಪೈಪಿನಲ್ಲಿದ್ದ ರಾಡ್ ಬಾಗಿ ಒಳಗೇ ಕಚ್ಚಿಕೊಂಡಿತು. ಎಷ್ಟು ಎತ್ತಿದರೂ ಬರಲಿಲ್ಲ. ಮುಂದಕ್ಕೆ ವಾಲಿದ ಪೈಪಿನಿಂದ ರಾಡನ್ನು ತೆಗೆಯಬೇಕೆಂದರೆ ಅದನ್ನು ಮುಂದಕ್ಕೂ ಮೇಲಕ್ಕೂ, ಅಂದರೆ ನಮ್ಮಿಂದ ಆಚೆಗೆ ಜಾರಿಸಬೇಕು. ಮೀನು ಎಳೆಯುತ್ತಿರುವಾಗ ಕೂತಲ್ಲಿಂದ ಅದು ಬಲು ಕಷ್ಟ. ಪೈಪನ್ನು ಆರು ಇಂಚಿಗೆ ಕತ್ತರಿಸಿದ ಮೇಲೆ ಸ್ವಲ್ಪ ಸುಲಭವಾಯಿತು, ಆದರೂ ಮನಸ್ಸಿಗೆ ಒಪ್ಪಲಿಲ್ಲ. ಕೊನೆಗೆ ಬಲಗಡೆಗೆ ಮೇಲ್ಭಾಗ ತೆರೆದಿರುವ, ಬುಡದಲ್ಲಿ ಹಲ್ಲುಗಳಿದ್ದು ಬೇಕಾದ ಕೋನಕ್ಕೆ ತಿರುಗಿಸಿ ಬಿಗಿಯಬಹುದಾದ ಹೋಲ್ಡರ್ ಕೊಂಡೆ. ಅದರಿಂದ ರಾಡನ್ನು ನೇರವಾಗಿ ಮೇಲಕ್ಕೆ ಎತ್ತಬಹುದು. ಉಂಡೆ ಹಾಕಿದ ಗಾಳದ ರಾಡ್ ಅದರಲ್ಲಿ. ಎಡಗಡೆ ಪೈಪೇ ಉಳಿಯಿತು. ಕೊರಮೀನಿಗೆ ಕಪ್ಪೆ ಗಾಳ ಎಸೆಯುವ ರಾಡನ್ನು ನಡುನಡುವೆ ಇಡಲು ಅಷ್ಟು ಸಾಕು. ಆ ರಾಡ್ ಅಲ್ಲಿರುವಾಗ ಅದರ ಗಾಳ ನೀರಿನಲ್ಲಿರುವುದಿಲ್ಲ.

ಪೈಪಿಗೆ ರೀಲಿನ ಕಾಲು, ಅಂದರೆ ರೀಲನ್ನು ರಾಡಿಗೆ ಸೇರಿಸುವ ಭಾಗ, ಕೂರಲು ಸೀಳು ಬೇಕು. ಮೊದಲು ಸೀಳು ಮುಗಿಯುವ ಜಾಗದಲ್ಲಿ ದುಂಡಗೆ ಒಂದು ತೂತು ಕೊರೆದು, ಆಮೇಲೆ ಬಾಯಿಯಿಂದ ಅದರವರೆಗೆ ಎರಡು ಗೆರೆ ಕತ್ತರಿಸಬೇಕು. ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಪೈಪು ಬಿರುಕು ಬಿಡುತ್ತದೆ. ಬಾಯಿಯನ್ನು ಅಗಲಿಸಲು ಪೈಪನ್ನು ಕುದಿಯುವ ನೀರಿನಲ್ಲಿ ಅದ್ದಿ ಮೆತ್ತಗಾಗಿಸಿ ಗಾಜಿನ ಬಾಟಲಿಯ ಭುಜಕ್ಕೆ ಒತ್ತಿದೆ. ಒಲೆಯ ಉರಿಗೆ ಹಿಡಿಯಬೇಡಿ, ಪಿವಿಸಿ ಸುಟ್ಟ ಹೊಗೆ ಒಳ್ಳೆಯದಲ್ಲ. ಬಿಸಿಲಿಗೆ ಪಿವಿಸಿ ಪೆಡಸಾಗುವುದರಿಂದ ಬಣ್ಣವನ್ನೂ ಬಳಿದೆ.

ಇನ್ನು ಕೊರೆಯುವ ಮಾತು. ನನ್ನ ಕಯಾಕ್ ಪಾಲಿಥೀನ್‌ನದು. ಅದಕ್ಕೆ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ, ಗಟ್ಟಿಯಾದ ಮೇಲೆ ಸಿಪ್ಪೆಯಂತೆ ಏಳುತ್ತದೆ. ನೀರು ತಡೆಯುವ ಕೆಲಸವನ್ನು ಅಂಟಿಗೆ ಬಿಡದೆ ರಬ್ಬರಿಗೆ ಕೊಟ್ಟೆ. ಹೋಲ್ಡರ್‌ನ ಬುಡದಷ್ಟೇ ಅಗಲಕ್ಕೆ ಲಾರಿ ಟ್ಯೂಬ್ ಕತ್ತರಿಸಿ ಕೆಳಗಿಟ್ಟು, ಆರು ಮಿಲಿಮೀಟರ್‌ನ ಸ್ಟೇನ್‌ಲೆಸ್ ಬೋಲ್ಟ್‌ಗಳಿಂದ ಬಿಗಿದೆ. ಒಳಗಡೆ ಒಂದು ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಅದರ ಮೇಲೆ ಸಡಿಲವಾಗದ ನೈಲಾನ್ ನಟ್ ಹಾಕಿದೆ. ಪಟ್ಟಿ ಇಲ್ಲದಿದ್ದರೆ ದೊಡ್ಡ ಮೀನಿನ ಎಳೆತವೆಲ್ಲ ತೂತಿನ ಸುತ್ತಲಿನ ತೆಳು ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ಕೊರೆಯುವ ಮುನ್ನ ದೋಣಿಯ ಟೊಳ್ಳಿನೊಳಗೆ ಕೈ ಹೋಗುತ್ತದೆಯೇ ಎಂದು ಅದರ ಮೇಲಿನ ದುಂಡು ಮುಚ್ಚಳ ತೆಗೆದು ನೋಡಿಕೊಳ್ಳಿ. ನನ್ನ ಕೈ ಎಡಗಡೆಯ ತೂತಿನವರೆಗೆ ಹೋಗಲಿಲ್ಲ. ನನ್ನ ಮಗಳು ತನ್ನ ಸಣ್ಣ ಕೈ ತೂರಿಸಿ ನಾಲ್ಕೂ ನಟ್‌ಗಳನ್ನು ಹಿಡಿದುಕೊಂಡಳು. ಅಂದಿನಿಂದ ಅದು ಅವಳ ದೋಣಿಯೂ ಹೌದು.

ರಾಡ್ ಎತ್ತ ಮುಖ ಮಾಡಬೇಕು? ಪೂರ್ತಿ ಪಕ್ಕಕ್ಕಿಟ್ಟರೆ ಜಾಲಿಯ ಕೊಂಬೆಗೆ ತುದಿ ತಗಲುತ್ತದೆ, ಮೀನಿನ ಎಳೆತವೂ ಅಡ್ಡಕ್ಕೆ ಬೀಳುತ್ತದೆ. ಪೂರ್ತಿ ಮುಂದಕ್ಕಿಟ್ಟರೆ ಎರಡು ರಾಡುಗಳ ದಾರ ಹೆಣೆದುಕೊಳ್ಳುತ್ತವೆ. ದೋಣಿ ನಿಲ್ಲಿಸಿ ಮೀನು ಹಿಡಿಯುವಾಗ ಬಲಗಡೆಯದನ್ನು ಮುಂದಕ್ಕೂ ಪಕ್ಕಕ್ಕೂ ನಡುವಿನ ಕೋನದಲ್ಲಿ ಇಡುತ್ತೇನೆ. ಹುಟ್ಟು ಹಾಕಿ ಸಾಗುವಾಗ ಮುಂದಕ್ಕೆ ತಿರುಗಿಸಿಕೊಳ್ಳುತ್ತೇನೆ. ಮರಗಳ ನಡುವೆ ಹೋಗುವಾಗ ಹಿಂದಿನ ಹೋಲ್ಡರ್‌ನಲ್ಲೂ ರಾಡ್ ಇಡುವುದಿಲ್ಲ. ಬೆನ್ನ ಹಿಂದೆ ಕೊಂಬೆಗೆ ಸಿಕ್ಕಿಕೊಂಡದ್ದು ನಮಗೆ ಕಾಣುವುದಿಲ್ಲ. ಆಷಾಢದ ಗಾಳಿಯಲ್ಲಂತೂ ನಾನು ಕೆರೆಗೆ ಇಳಿಯುವುದೇ ಇಲ್ಲ.

ಎರಡು ಅಭ್ಯಾಸಗಳನ್ನು ಬಿಡದೆ ಪಾಲಿಸುತ್ತೇನೆ. ರಾಡನ್ನು ಹೋಲ್ಡರ್‌ಗೆ ಇಡುವ ಮುನ್ನ ರೀಲಿನ ಡ್ರ್ಯಾಗ್, ಅಂದರೆ ದಾರವನ್ನು ತಡೆದು ಹಿಡಿಯುವ ಬಿಗಿ, ಸಡಿಲಿಸುತ್ತೇನೆ. ಮೀನು ಎಳೆದರೆ ದಾರ ಬಿಚ್ಚಿಕೊಳ್ಳಬೇಕು, ರಾಡ್ ಕಿತ್ತುಕೊಂಡು ಹೋಗಬಾರದು. ಜೊತೆಗೆ ಪ್ರತಿ ರಾಡಿಗೂ ಸುರುಳಿ ಹಗ್ಗವೊಂದನ್ನು ಕಟ್ಟಿ ದೋಣಿಗೆ ಸಿಕ್ಕಿಸುತ್ತೇನೆ. ಆ ಹಗ್ಗ ಮಾತ್ರ ಮೊಣಕಾಲಿನ ಹೊರಗಡೆಯಿಂದ ಹಾದಿರಬೇಕು. ಒಳಗಿನಿಂದ ಹಾದರೆ, ದೋಣಿ ಮಗುಚಿದಾಗ ಕಾಲಿಗೆ ಸುತ್ತಿಕೊಳ್ಳುವ ಅಪಾಯವಿದೆ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಬಲಗಡೆಯ ರಾಡಿಗೆ ಮತ್ತೆ ಕಾಟ್ಲಾ ಬಿತ್ತು. ಬೆನ್ನು ಸೀಟು ಬಿಡಲಿಲ್ಲ. ಕೈ ಚಾಚಿದೆ, ಹಿಡಿ ಸಿಕ್ಕಿತು, ಎತ್ತಿದೆ, ಅಷ್ಟೇ. ದಡದಲ್ಲಿದ್ದ ಹರಿಗೋಲಿನ ಯಜಮಾನರು ಹತ್ತಿರ ಬಂದು ಹೋಲ್ಡರನ್ನು ತಿರುಗಿಸಿ ನೋಡಿ, ತಮ್ಮ ಹರಿಗೋಲಿಗೂ ಒಂದು ಪೈಪು ಬೇಕೆಂದರು. "ಎಲ್ಲಿ ಕೂರಿಸಲಿ ಯಜಮಾನರೇ?" ಎಂದು ಕೇಳಿದೆ. ಅವರು ಮಾತಾಡಲಿಲ್ಲ. ಹರಿಗೋಲಿನಲ್ಲಿ ಕೂತು ದಡದಿಂದ ದೂರ ಹೋಗಿ, ಕೋಲು ಹಿಡಿದಂತೆ ಕೈ ಚಾಚಿ, ಎಡ ಮೊಣಕಾಲಿನ ಪಕ್ಕ ಇದ್ದಿಲಿನಿಂದ ಒಂದು ಗೀಟು ಎಳೆದುಕೊಂಡು ವಾಪಸು ಬಂದರು.