‘ಚೆನ್ನಾಗಿದೆ’ ಎನ್ನಲು ಅರ್ಧ ಗಂಟೆ ತಡೆ: ಹಾಸನದಲ್ಲಿ ಸಿನಿಮಾ ಕೂಟ ನಡೆಸಿದ ನನ್ನ ಅನುಭವ

ಚಿಕ್ಕಮಗಳೂರು, ತಿಪಟೂರು, ಮಂಡ್ಯದ ಕಡೆ ಸಿನಿಮಾ ಕೂಟ ನಡೆಸುವ ಗೆಳೆಯರು ಈಚೆಗೆ ಫೋನು ಮಾಡಿ, ಹಾಸನದಲ್ಲಿ ನಿಮ್ಮ ಕೂಟ ಮುರಿಯದೆ ಹೇಗೆ ಉಳಿಯಿತು ಎಂದು ಕೇಳುತ್ತಿದ್ದಾರೆ. ಹೀಗೆ ಕೇಳುತ್ತಿರುವವರಲ್ಲಿ ಇಬ್ಬರು ಮೂವರು, ನಾಲ್ಕು ವರ್ಷದ ಹಿಂದೆ ‘ನಿಮ್ಮೂರಿನಲ್ಲಿ ಅಭಿಮಾನಿಗಳ ಸಂಘ ನಡೆದೀತೇ ಹೊರತು ಚರ್ಚೆ ನಡೆಯುವುದಿಲ್ಲ’ ಎಂದು ನಕ್ಕವರೇ ಆಗಿರುವುದರಿಂದ, ಉತ್ತರವನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆದೇ ಕೊಡೋಣ ಎನ್ನಿಸಿತು. ಹೋದ ತಿಂಗಳು ನಮ್ಮಲ್ಲಿ 31 ಜನ ಸೇರಿದ್ದರು. ಮಾತು ಮುಗಿಯುವಾಗ ರಾತ್ರಿ ಒಂಬತ್ತೂವರೆ ದಾಟಿತ್ತು. ಊರಿಗೆ ಹೋಗುವ ಬಸ್ಸು ತಪ್ಪಿಸಿಕೊಂಡ ಅರಸೀಕೆರೆಯ ಇಬ್ಬರು ಹುಡುಗರು ನಮ್ಮ ಮನೆಯಲ್ಲಿಯೇ ಉಂಡು ಮಲಗಿದರು.

ನನ್ನದು ಸಾಲಗಾಮೆ ರಸ್ತೆಯ ಒಂದು ಒಳಬೀದಿಯಲ್ಲಿರುವ ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಗೃಹಪ್ರವೇಶದ ಕರೆಯೋಲೆ ಇವೇ ನನ್ನ ಅನ್ನ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸುಚಿತ್ರಾ ಫಿಲ್ಮ್ ಸೊಸೈಟಿ, ಅದರ ಬೆನ್ನಿಗೇ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ಚಿತ್ರಸಮಾಜ, ಇವುಗಳ ಕತೆಯನ್ನು ಕೇಳುತ್ತಲೇ ಬೆಳೆದವನಾದ್ದರಿಂದ, 2022ರ ಆರಂಭದಲ್ಲಿ ನಾನೂ ಅದೇ ದಾರಿ ಹಿಡಿದು, ಚಿತ್ರ ತೋರಿಸುವುದು, ಬಲ್ಲವರಿಂದ ಮಾತನಾಡಿಸುವುದು, ಆಮೇಲೆ ಚರ್ಚೆ ಎಂದು ಹೊರಟೆ. ಅಲ್ಲಿಂದ ಎಂಟು ತಿಂಗಳು ನಡೆದದ್ದು ಬರೀ ನಷ್ಟದ ವ್ಯವಹಾರ. ಸಭಾಂಗಣದ ಬಾಡಿಗೆ 1,500, ಪ್ರೊಜೆಕ್ಟರು ಮತ್ತು ಧ್ವನಿಪೆಟ್ಟಿಗೆಗೆ 2,000, ಕಾಫಿಗೆ ಆರುನೂರೋ ಏಳುನೂರೋ. ಕೊಂಡುತಂದ ಡಿವಿಡಿಯನ್ನು ಮನೆಯಲ್ಲಿ ನೋಡಬಹುದೇ ಹೊರತು ಸಭೆಗೆ ತೋರಿಸುವಂತಿಲ್ಲ ಎಂಬುದು ನಿಮಗೂ ಗೊತ್ತಿರುವುದೇ. ಅನುಮತಿ ಕೇಳಿ ಬರೆದ ಕಾಗದಗಳಲ್ಲಿ ಒಂದಕ್ಕೆ ಉತ್ತರವೇ ಬರಲಿಲ್ಲ, ಇನ್ನೊಂದಕ್ಕೆ ಒಂದು ಪ್ರದರ್ಶನಕ್ಕೆ 8,000 ಎಂದು ಬಂತು. ಬೆಂಗಳೂರಿನಿಂದ ಕಾರಿನಲ್ಲಿ ಕರೆಸಿದ ಒಬ್ಬ ವಿದ್ವಾಂಸರು ಒಂದು ಗಂಟೆ ಹತ್ತು ನಿಮಿಷ ಮಾತನಾಡಿದರು. ಚಿತ್ರ ನೋಡಿದ್ದ ನಲವತ್ತು ಜನರಲ್ಲಿ, ಅವರ ಮಾತು ಮುಗಿದು ಚರ್ಚೆ ಶುರುವಾಗುವ ಹೊತ್ತಿಗೆ ಉಳಿದವರು ಆರು ಮಂದಿ, ಅವರಲ್ಲಿ ಇಬ್ಬರು ಕುರ್ಚಿ ಮಡಚುವವರು. ಎಂಟು ತಿಂಗಳಿಗೆ ಸುಮಾರು 38,000 ರೂಪಾಯಿ ಕೈಬಿಟ್ಟಿತು. ಕಾಗದ ಕತ್ತರಿಸುವ ಯಂತ್ರಕ್ಕೆ ಹೊಸ ಬ್ಲೇಡು ತರಲು ಇಟ್ಟಿದ್ದ ಹಣವೂ ಅದರಲ್ಲಿ ಸೇರಿತ್ತು ಎಂಬುದನ್ನು ನನ್ನ ಹೆಂಡತಿ ಇಂದಿಗೂ ಮರೆತಿಲ್ಲ.

ತೋರಿಸುವುದನ್ನು ನಿಲ್ಲಿಸಿ, ಊರಿನ ಚಿತ್ರಮಂದಿರದಲ್ಲಿ ಓಡುತ್ತಿರುವುದನ್ನೇ ಅವರವರ ಟಿಕೆಟಿನಲ್ಲಿ ನೋಡಿಕೊಂಡು ಬಂದು ಮಾತನಾಡೋಣ ಎಂದೆ. ಖರ್ಚು ತಗ್ಗಿತು, ಗಲಾಟೆ ಹೆಚ್ಚಿತು. ದೊಡ್ಡ ನಟರೊಬ್ಬರ ಚಿತ್ರದ ದಿನ ಬಂದವರು ಎರಡು ಗುಂಪಾಗಿ, ಎಷ್ಟು ಕೋಟಿ ಗಳಿಸಿತು ಎಂಬುದರ ಮೇಲೆ ಶುರುವಾದ ಮಾತು ಮನೆತನದವರೆಗೆ ಹೋಗಿ, ಕೊನೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯಿತು. ಶಾಮಿಯಾನದವರಿಗೆ 650 ತೆತ್ತೆ. ಆ ಸಂಜೆ ಮೂರು ಗಂಟೆ ಮಾತು ನಡೆದರೂ ಚಿತ್ರದ ಒಂದೇ ಒಂದು ದೃಶ್ಯದ ಹೆಸರು ಬರಲಿಲ್ಲ. ಆಮೇಲೆ ವಾಟ್ಸಾಪ್ ಗುಂಪು ಮಾಡಿದೆ, ಅದರ ಕತೆ ಎಲ್ಲರ ಮನೆಯದೂ ಒಂದೇ. ಹತ್ತಕ್ಕೆ ಎಷ್ಟು ಅಂಕ ಎಂದು ಬರೆಸಿಯೂ ನೋಡಿದೆ: ಇಪ್ಪತ್ತರಲ್ಲಿ ಹದಿನಾರು ಜನ ಏಳು ಕೊಟ್ಟರು. ಏಳು ಎಂದರೇನು ಎಂದು ಕೇಳಿದ್ದಕ್ಕೆ ಒಬ್ಬರು ‘ಎಂಟಲ್ಲ’ ಎಂದರು.

ದಾರಿ ತೋರಿಸಿದ್ದು ನನ್ನ ಮುದ್ರಣಾಲಯದ ಇಬ್ಬರು ಹುಡುಗರು. 2023ರ ಆರಂಭದಲ್ಲಿ, ಲಗ್ನದ ಕಾಲ, ರಾತ್ರಿ ಕುಳಿತು ಕರೆಯೋಲೆ ಮಡಚುತ್ತಿದ್ದಾಗ ಅವರಲ್ಲೊಬ್ಬ ಹಿಂದಿನ ದಿನ ನೋಡಿದ ಚಿತ್ರವನ್ನು ಹೇಳುತ್ತಿದ್ದ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ‘ಮಗ ಬಾಗಿಲು ಹಾಕಿಕೊಳ್ಳುತ್ತಾನಲ್ಲ, ಆಗ ಅವ್ವ ಒಲೆ ಮುಂದಿನಿಂದ ಏಳೋದೇ ಇಲ್ಲ’ ಎಂದ. ಇನ್ನೊಬ್ಬ, ‘ಏಳ್ತಾಳೆ ಕಣೋ, ಎದ್ದು ಮತ್ತೆ ಕೂತ್ಕೊತಾಳೆ, ನೀನು ನೋಡಿಲ್ಲ’ ಎಂದ. ಅವ್ವ ಎದ್ದಳೇ ಇಲ್ಲವೇ ಎಂಬುದರ ಮೇಲೆ ಇಬ್ಬರೂ ಇಪ್ಪತ್ತು ನಿಮಿಷ ವಾದಿಸಿದರು. ವಾದದ ನಡುವೆ ಆ ಅವ್ವ ಎಂಥವಳು, ಮಗನ ಮೇಲೆ ಅವಳಿಗೆ ಸಿಟ್ಟಿತ್ತೇ ಭಯವಿತ್ತೇ ಎಂಬುದೆಲ್ಲ ತಾನಾಗಿಯೇ ಹೊರಬಂತು. ಸಭಾಂಗಣಕ್ಕೆ 1,500 ಕೊಟ್ಟು ನಾನು ಹುಡುಕುತ್ತಿದ್ದ ಚರ್ಚೆ ನನ್ನ ಬೈಂಡಿಂಗ್ ಮೇಜಿನ ಮೇಲೆಯೇ ನಡೆಯುತ್ತಿತ್ತು.

ಅಂದಿನಿಂದ ಕೂಟ ಅದೇ ಬೈಂಡಿಂಗ್ ಕೋಣೆಯಲ್ಲಿಯೇ. ಕರೆಯೋಲೆ ಕತ್ತರಿಸಿ ಉಳಿದ ದಪ್ಪ ಕಾಗದದ ಅಂಚುಗಳನ್ನು ಅಂಗೈಯಗಲದ ಚೀಟಿಗಳನ್ನಾಗಿ ಮಾಡಿಡುತ್ತೇನೆ. ಬಂದವರೆಲ್ಲರೂ ಚಿತ್ರದ ಒಂದು ದೃಶ್ಯವನ್ನು, ಒಂದನ್ನು ಮಾತ್ರ, ನಾಲ್ಕೈದು ಸಾಲಿನಲ್ಲಿ ಬರೆಯಬೇಕು: ಎಲ್ಲಿ ನಡೆಯಿತು, ಯಾರಿದ್ದರು, ಏನು ಕಂಡಿತು, ಏನು ಕೇಳಿಸಿತು. ಹೆಸರು ಹಾಕುವಂತಿಲ್ಲ. ಚೀಟಿಗಳನ್ನು ಕಲೆಸಿ ಹಂಚಿದ ಮೇಲೆ ಒಬ್ಬರ ಚೀಟಿಯನ್ನು ಇನ್ನೊಬ್ಬರು ಓದುತ್ತಾರೆ. ಮೊದಲ ಅರ್ಧ ಗಂಟೆ ಓದುವುದಷ್ಟೇ, ಯಾರೂ ಉತ್ತರ ಕೊಡಕೂಡದು. ಚೆನ್ನಾಗಿದೆ, ಬೋರು, ಸೂಪರ್, ಮಾಸ್, ಲ್ಯಾಗ್, ಫಸ್ಟ್ ಹಾಫ್, ಸೆಕೆಂಡ್ ಹಾಫ್ ಈ ಮಾತುಗಳಿಗೆ ಅಷ್ಟು ಹೊತ್ತು ತಡೆ. ಬಾಯಿತಪ್ಪಿದರೆ ಡಬ್ಬಿಗೆ ಐದು ರೂಪಾಯಿ. ಅರ್ಧ ಗಂಟೆ ಕಳೆದ ಮೇಲೆ ಮಾತು ಮುಕ್ತ, ಆದರೆ ಮೇಜಿನ ಮೇಲೆ ಬಂದಿರುವ ದೃಶ್ಯಗಳಿಂದಲೇ ಆರಂಭಿಸಬೇಕು. ನಟ, ನಿರ್ದೇಶಕ, ಗಳಿಕೆ ಇವೆಲ್ಲ ಕೊನೆಗೆ, ಹೊತ್ತು ಉಳಿದರೆ.

ಇದನ್ನು ಕೇಳಿದ ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ‘ಏನ್ರೀ, ಮಿಡ್ಲ್ ಸ್ಕೂಲ್ ಮಕ್ಕಳಿಗೆ ಪ್ರಬಂಧ ಬರೆಸಿದ ಹಾಗೆ’ ಎಂದರು. ಅಭಿಮಾನಿ ಹುಡುಗರು ಬರೆಯುವುದೇ ಇಲ್ಲ ಎಂದೂ ಅವರದೇ ಭವಿಷ್ಯ. ಬರೆದರು. ಒಬ್ಬ ನಟನಿಗಾಗಿ ಕುರ್ಚಿ ಮುರಿದ ಹುಡುಗನಿಗೆ, ಎದುರು ಗುಂಪಿನವನು ಅದೇ ನಟನ ಕಣ್ಣಿನ ಬಗ್ಗೆ ಬರೆದ ಚೀಟಿಯನ್ನು ಓದುವ ಸರದಿ ಬಂತು. ಬರೆದವನು ಯಾರೆಂದು ತಿಳಿಯದೆ, ‘ಇದು ನಮ್ಮವನೇ ಬರೆದದ್ದು’ ಎಂದು ಎದೆ ತಟ್ಟಿಕೊಂಡ. ಹೆಸರಿಲ್ಲದ ಚೀಟಿಯ ಲಾಭ ಅದು.

ತೊಡಕುಗಳೂ ಬಂದವು. ಒಬ್ಬ ಡಾಕ್ಟರರ ಚೀಟಿಯನ್ನು ಅವರ ಕಾಂಪೌಂಡರ್ ಬಿಟ್ಟು ಯಾರೂ ಓದಲಾರರು. ಚಿತ್ರ ನೋಡದೆ ಯೂಟ್ಯೂಬಿನ ವಿಮರ್ಶೆ ಕೇಳಿ ಬರೆಯುವವರು ಸೇರಿಕೊಂಡರು. ಅಂಥ ಚೀಟಿಯನ್ನು ನಾನು ಎರಡನೆಯ ಸಾಲಿನಲ್ಲಿಯೇ ಹಿಡಿಯುತ್ತೇನೆ, ಈವರೆಗೆ ತಪ್ಪಿರುವುದು ಒಮ್ಮೆ ಮಾತ್ರ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಹುಡುಗರೇ ಓದಿ ಮುಂದಿನ ತಿಂಗಳು ಎಚ್ಚರವಾಗುತ್ತಾರೆ. ಮೊದಲ ಚೀಟಿಯಾಗಿ ಯಾವುದನ್ನು ಓದಿಸಬೇಕು ಎಂಬ ಲೆಕ್ಕವನ್ನೂ ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ, ಸಂಜೆ ನಿಲ್ಲುವುದೂ ಬೀಳುವುದೂ ಅದರ ಮೇಲೆ.

ನೋಡಿದ ಎಷ್ಟು ದಿನಕ್ಕೆ ಮಾತನಾಡಬೇಕು ಎಂಬುದರ ಮೇಲೆ ಒಂದಿಷ್ಟು ಪ್ರಯೋಗ ಮಾಡಿದೆ. ಅಂದೇ ರಾತ್ರಿ ಒಂದು ಚೀಟಿ, ವಾರದ ನಂತರ ಇನ್ನೊಂದು ಬರೆಸಿ ಹೋಲಿಸಿದಾಗ, ಅಂದೇ ರಾತ್ರಿ ಹೊಗಳಿಕೆಯಲ್ಲಿ ಕಾಗದ ತುಂಬಿಸಿದವರಲ್ಲಿ ಅರ್ಧಕ್ಕೆ ಹೆಚ್ಚು ಜನರಿಗೆ ವಾರದ ಮೇಲೆ ಒಂದು ದೃಶ್ಯವೂ ಸರಿಯಾಗಿ ನೆನಪಿರಲಿಲ್ಲ. 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗವಾಗಿ, ಮೊದಲನೆಯದು ಸೆಪ್ಟೆಂಬರಿನಲ್ಲಿ, ಎರಡನೆಯದು ನವೆಂಬರಿನಲ್ಲಿ ಬಂದದ್ದು ನನಗೆ ದೇವರು ಕೊಟ್ಟ ಅವಕಾಶದಂತಾಯಿತು. ಮೊದಲ ಭಾಗ ನೋಡಿದ ಹತ್ತೊಂಬತ್ತು ಜನರ ಚೀಟಿಗಳನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಎರಡನೆಯ ಭಾಗ ನೋಡಿದ ಮೇಲೆ ಮೊದಲ ಭಾಗದ ಅದೇ ದೃಶ್ಯವನ್ನು ಮತ್ತೊಮ್ಮೆ ಬರೆಸಿ, ಎರಡನ್ನೂ ಅವರ ಮುಂದೆಯೇ ಒಡೆದೆ. ಆರೇಳು ಜನ ತಮ್ಮ ಕೈಬರಹವನ್ನು ತಾವೇ ನಂಬಲಿಲ್ಲ. ಮೊದಲು ನಾಯಕ ಮನುವಿನ ತ್ಯಾಗ ಎಂದು ಬರೆದವರು ಎರಡನೆಯ ಸಲ ಅದೇ ದೃಶ್ಯವನ್ನು ಅವನ ಹುಂಬತನ ಎಂದು ಬರೆದಿದ್ದರು. ಆ ಲಕೋಟೆಗಳು ಇನ್ನೂ ನನ್ನ ಗಲ್ಲಾಪೆಟ್ಟಿಗೆಯಲ್ಲಿವೆ. ಈಗ ನಮ್ಮ ನಿಯಮ ಏಳು ದಿನ. ಹತ್ತು ದಾಟಿದರೆ ನೆನಪು ಹಳಸುತ್ತದೆ.

ಒಂದು ಸಂಜೆಯನ್ನಾದರೂ ಬಿಡಿಸಿ ಹೇಳಬೇಕು. 2025ರ ಜುಲೈ ಕೊನೆಗೆ ಬಂದ, ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ ಚಿತ್ರಕ್ಕೆ ನಮ್ಮಲ್ಲಿ 26 ಚೀಟಿಗಳು ಬಂದವು. ಸೋಮೇಶ್ವರದ ಸುಲೋಚನಾ ಎಂಬುವಳ ದೆವ್ವ ಒಬ್ಬ ಹುಡುಗನ ಮೈಮೇಲೆ ಬಂದಿದೆಯೆಂದು ಊರೇ ನಂಬುವ ಆ ಕತೆಯಲ್ಲಿ ನಗುವಿಗೆ ಬರವಿಲ್ಲ; ಹದಿನೇಳು ಚೀಟಿಗಳು ನಗುವಿನ ದೃಶ್ಯಗಳೇ ಆಗಿದ್ದವು, ಓದುವವರೂ ನಗುತ್ತ ಓದುತ್ತಿದ್ದರು. ಕರಾವಳಿಯ ಕನ್ನಡದ ಕೆಲವು ಮಾತುಗಳು ನಮ್ಮವರಿಗೆ ಹಿಡಿಯದೆ ಹೋದದ್ದನ್ನು, ಮಂಗಳೂರಿನ ಕಡೆ ನೆಂಟಸ್ತಿಕೆಯಿರುವ ಸಕಲೇಶಪುರದ ಒಬ್ಬರು ಬಿಡಿಸಿ ಹೇಳಿದರು. ಆ ಸುಲೋಚನಾಳ ಮಗಳು ಭಾನುವಿನ ಬಗ್ಗೆ ಬರೆದ ಹದಿನೆಂಟನೆಯ ಚೀಟಿ ಹೀಗಿತ್ತು: ‘ಭಾನು ಬಂದು ನಿಂತಳು. ನನಗೆ ನಗು ನಿಂತಿತು. ನನ್ನ ಹಿಂದಿನ ಸಾಲಿನವರು ಆಗಲೂ ನಗುತ್ತಿದ್ದರು.’ ಓದಿದ ಹುಡುಗ ಕಾಗದವನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತ. ಉತ್ತರ ಕೊಡಕೂಡದೆಂಬ ನಿಯಮವಿದ್ದುದರಿಂದ ಉಳಿದ ಎಂಟು ಚೀಟಿಗಳನ್ನು ಎಲ್ಲರೂ ತಾಳ್ಮೆಗೆಟ್ಟು ಕೇಳಿದರು. ಆಮೇಲೆ ಎದ್ದ ಮಾತು ಒಂದೂವರೆ ಗಂಟೆ ನಡೆಯಿತು: ಅಲ್ಲಿ ನಕ್ಕದ್ದು ನೋಡುಗರ ತಪ್ಪೇ, ಅಷ್ಟು ಹೊತ್ತು ನಗಿಸಿ ಅಭ್ಯಾಸ ಮಾಡಿಸಿದ ಚಿತ್ರದ್ದೇ, ಅಥವಾ ನಗುತ್ತಿದ್ದವರನ್ನು ತಮ್ಮ ನಗುವಿಗೆ ತಾವೇ ನಾಚುವಂತೆ ಮಾಡುವುದೇ ಚಿತ್ರದ ಉದ್ದೇಶವಾಗಿತ್ತೇ. ಮೂರನೆಯ ಮಾತನ್ನು ಹೇಳಿದವರು, ಅದುವರೆಗೆ ನಾಲ್ಕು ಕೂಟಗಳಲ್ಲಿ ಬಾಯಿಬಿಡದ ಒಬ್ಬ ಅಂಗನವಾಡಿ ಶಿಕ್ಷಕಿ. ಆ ಚೀಟಿ ಅವರದೇ ಇರಬಹುದೆಂದು ನನ್ನ ಅನುಮಾನ. ಕೇಳಿಲ್ಲ.

ಹೆಂಗಸರು ಸಂಜೆ ಏಳಕ್ಕೆ ಬರಲಾರರು ಎಂಬುದನ್ನು ಅರಿಯಲು ನನಗೆ ಒಂದು ವರ್ಷ ಹಿಡಿಯಿತು. ಈಗ ಎರಡು ತಿಂಗಳಿಗೊಮ್ಮೆ ಮಧ್ಯಾಹ್ನ ಮೂರಕ್ಕೆ ಬೇರೆ ಕೂಟವಿದೆ. ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಅವರ ‘ಕರಿ ನಾಗರಗಳು’ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು ಮಾಡಿದ ‘ಹಸೀನಾ’ ಚಿತ್ರವನ್ನು ಅಲ್ಲಿ ತೆಗೆದುಕೊಂಡೆವು. ಚಿತ್ರವನ್ನು ಹಿಂದೆಯೇ ನೋಡಿದ್ದವರು ಐದು ಜನ, ಕತೆಯನ್ನು ಓದಿದವರು ಒಂಬತ್ತು ಜನ; ಎರಡು ಬಣ್ಣದ ಚೀಟಿ ಕೊಟ್ಟೆ. ಓದಿದವರ ಚೀಟಿಯಲ್ಲಿ ಸಿಟ್ಟು ಹೆಚ್ಚಿತ್ತು, ನೋಡಿದವರ ಚೀಟಿಯಲ್ಲಿ ತಾರಾ ಅವರ ಮುಖವೇ ಹೆಚ್ಚಿತ್ತು. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ ಎಂದು ಒಬ್ಬಾಕೆ ತಡೆಯ ಹೊತ್ತಿನಲ್ಲಿಯೇ ಹೇಳಿ, ಸಂತೋಷದಿಂದಲೇ ಐದು ರೂಪಾಯಿ ಹಾಕಿದರು.

ಇನ್ನೊಂದು ಅಡ್ಡಪ್ರಯೋಗಕ್ಕೆ ಸುಮಾರು 1,400 ರೂಪಾಯಿ ಹೋಯಿತು, ಆದರೆ ದಂಡವಲ್ಲ. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಚಾಪ್ಟರ್ 1’ ಚಿತ್ರದ ಕೂಟವನ್ನು ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಇಟ್ಟುಕೊಂಡದ್ದು ನನ್ನ ದಡ್ಡತನ, ಆ ಜನಸಾಗರದಲ್ಲಿ ಬಂದವರು ಏಳು ಜನ. ಮುಂದೂಡಿ ಮತ್ತೆ ಸೇರಿದಾಗ ಚೀಟಿಗಳು ಸ್ಪಷ್ಟವಾಗಿ ಎರಡಾಗಿ ಒಡೆದಿದ್ದವು. ಕೆಲವರು ಕಾಡಿನ ರಾತ್ರಿಯ ದೃಶ್ಯಗಳಲ್ಲಿ ದೀವಟಿಗೆಯ ಬೆಳಕು ಮುಖದ ಮೇಲೆ ಆಡುವುದನ್ನು ಬರೆದಿದ್ದರೆ, ಇನ್ನು ಕೆಲವರು ‘ಕತ್ತಲೆಯಲ್ಲಿ ಯಾರೋ ಕೂಗಿದರು’ ಎಂದಷ್ಟೇ ಬರೆದಿದ್ದರು. ವಿಚಾರಿಸಿದರೆ ಎರಡನೆಯವರೆಲ್ಲ ಒಂದೇ ಚಿತ್ರಮಂದಿರದಲ್ಲಿ ನೋಡಿದವರು. ನಾಲ್ವರನ್ನು ಕರೆದುಕೊಂಡು ಎರಡೂ ಕಡೆ ಹೋಗಿ ಕುಳಿತು ನೋಡಿದೆ. ಒಂದು ಕಡೆ ಪ್ರೊಜೆಕ್ಟರಿನ ದೀಪ ಹಳತಾಗಿ ಪರದೆಯೇ ಮಂಕಾಗಿತ್ತು. ಪ್ರೊಜೆಕ್ಟರಿನ ಕ್ಸೆನಾನ್ ದೀಪವನ್ನು ಅದಕ್ಕೆ ಗೊತ್ತುಮಾಡಿದ ಗಂಟೆಗಳನ್ನು ಮೀರಿ ಉರಿಸಿದರೆ ಹಾಗೆಯೇ ಆಗುತ್ತದೆ. ಛಾಯಾಗ್ರಾಹಕನಿಗೆ ಬೈದವರು ಬೈಯಬೇಕಾದದ್ದು ಆ ದೀಪಕ್ಕೆ. ಅಂದಿನಿಂದ ಚೀಟಿಯ ಮೂಲೆಯಲ್ಲಿ ಯಾವ ಚಿತ್ರಮಂದಿರ, ಯಾವ ಸಾಲು, ಅಥವಾ ಮನೆಯ ಟಿವಿಯೇ, ಮೊಬೈಲೇ ಎಂದು ಬರೆಯುವುದು ಕಡ್ಡಾಯ. ಮೊಬೈಲಿನಲ್ಲಿ ನೋಡಿದವರು ಶಬ್ದದ ಬಗ್ಗೆ ಬರೆಯುವುದೇ ಇಲ್ಲ ಎಂಬುದು ಹೀಗೆ ಗಮನಕ್ಕೆ ಬಂತು.

ಹಣದ ಮಾತಿಗೆ ಬಂದರೆ, ಈಗ ಒಂದು ಕೂಟಕ್ಕೆ ಕಾಫಿ, ಮಂಡಕ್ಕಿ, ಹಾಲು ಸೇರಿ ಐದುನೂರು ದಾಟುವುದಿಲ್ಲ. ತಲೆಗೆ ಇಪ್ಪತ್ತು ರೂಪಾಯಿ, ಕಾಲೇಜು ಮಕ್ಕಳಿಗೆ ಪುಕ್ಕಟೆ. ದಂಡದ ಡಬ್ಬಿಯಲ್ಲಿ ಒಮ್ಮೊಮ್ಮೆ ನೂರು ರೂಪಾಯಿಯವರೆಗೂ ಬೀಳುತ್ತದೆ. ಆರಂಭದಲ್ಲಿ ಒಂದೇ ಸಂಜೆ 240 ಬಿದ್ದದ್ದೇ ಈವರೆಗಿನ ದಾಖಲೆ. ಕಾಫಿ ಹಣ್ಣಿನ ಕಾಲದಲ್ಲಿ ಸಕಲೇಶಪುರ, ಬೇಲೂರಿನ ಕಡೆಯವರು ಬರುವುದಿಲ್ಲ, ಆಗ ಹದಿನೈದು ಜನಕ್ಕೆ ಇಳಿಯುತ್ತದೆ. ಹಳೆಯ 38,000 ಹಾಗೆಯೇ ಮುಳುಗಿತು. ಬ್ಲೇಡನ್ನು ಮಾತ್ರ ಕಳೆದ ದೀಪಾವಳಿಗೆ ತಂದೆ.

ಪ್ರಬಂಧ ಬರೆಸುತ್ತೀರಿ ಎಂದು ಹೀಯಾಳಿಸಿದ್ದ ಮೇಷ್ಟ್ರು ಒಂದೂವರೆ ವರ್ಷದಿಂದ ತಪ್ಪದೆ ಬರುತ್ತಿದ್ದಾರೆ. ಒಂದು ದೃಶ್ಯ ಎಂಬ ನಿಯಮ ಅವರಿಗೆ ಇನ್ನೂ ಒಗ್ಗಿಲ್ಲ; ಚೀಟಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಎರಡನೆಯದನ್ನೂ ಬರೆದು, ಓದುವವರಿಗೆ ಕಾಣಲೆಂದು ಮೂಲೆ ಮಡಚಿ ಕೊಡುತ್ತಾರೆ. ಮುಂದಿನ ಸಲದಿಂದ ಹಿಂಬದಿಯಲ್ಲಿ ಅಚ್ಚಾಗಿರುವ ರದ್ದಿ ಕರೆಯೋಲೆಗಳಿಂದಲೇ ಚೀಟಿ ಕತ್ತರಿಸುವುದೆಂದು ನಿಶ್ಚಯಿಸಿದ್ದೇನೆ.