ಬಿವಿಎ ಫೀಸಿಗೆ ದಾನಿಗಳು ಸಿಕ್ಕಿದ್ದು ಹೀಗೆ

ಬಿವಿಎ ಅಂದರೆ ದೃಶ್ಯಕಲೆಯ ಪದವಿ. ಅದರ ಎರಡನೇ ವರ್ಷದ ಫೀಸಿಗೆ ನನಗೆ 38,000 ರೂಪಾಯಿ ಕಮ್ಮಿ ಬಿದ್ದಿತ್ತು. ವಾಟ್ಸಾಪ್‌ನಲ್ಲಿ "ಸಹಾಯ ಮಾಡಿ" ಅಂತ ಸುಮ್ನೆ ಹಾಕಿದೆ, ಕೈಮುಗಿದ ಎಮೋಜಿ ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ ಕಾಲೇಜಿನಿಂದ ವ್ಯಾಸಂಗ ಪ್ರಮಾಣ ಪತ್ರ, ಫೀಸಿನ ವಿವರ ತಗೊಂಡು, ಜೊತೆಗೆ ನನ್ನ ನಾಲ್ಕು ಚಿತ್ರಗಳ ಫೋಟೊ ಇಟ್ಟು, ದುಡ್ಡು ನನ್ನ ಕೈಗೆ ಬೇಡ, ಕಾಲೇಜಿನ ಹೆಸರಿಗೇ ಡಿಡಿ ತೆಗೆಸಿ ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆದೆ. ಇದು ನಡೀತು. ಜನವರಿಯಲ್ಲಿ ಬೆಂಗಳೂರಿನ ಕುಮಾರ ಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನನ್ನ ಜಲವರ್ಣ ಕೊಂಡಿದ್ದ ಮೇಷ್ಟ್ರೊಬ್ಬರು 20,000 ಕೊಟ್ಟರು, ಉಳಿದದ್ದು ಊರಿನ ಮೂವರು. ಒಬ್ಬರು ಆದಾಯ ತೆರಿಗೆ ವಿನಾಯಿತಿಗೆ ತೋರಿಸುವ 80ಜಿ ರಸೀದಿ ಕೇಳಿದರು. ಅದು ಮಾನ್ಯತೆ ಇರುವ ಟ್ರಸ್ಟಿನಂಥ ಸಂಸ್ಥೆಗೆ ಕೊಟ್ಟರೆ ಮಾತ್ರ, ನನ್ನಂಥವನ ಫೀಸು ಕಟ್ಟಿದರೆ ಸಿಗಲ್ಲ ಅಂತ ಮೊದಲೇ ಹೇಳಿಬಿಟ್ಟೆ, ಆದರೂ ಕೊಟ್ಟರು. ಫೀಸ್ ರಸೀದಿಯ ಫೋಟೊ ಅದೇ ದಿನ ಎಲ್ಲರಿಗೂ ಕಳಿಸಿದೆ.