ಹೊಸ ಪೆಟ್ಟಿಗೆ ತರುವ ಮುನ್ನ ಹಳೆಯ ತಂತಿ ನೋಡಿ

ಸಣ್ಣ ವಿಮಾನದ ರೇಡಿಯೊ ಕರಕರ ಎನ್ನತೊಡಗಿದರೆ ಮಾಲೀಕರ ಮನಸ್ಸು ಓಡುವುದು ಹೊಸ ಸೆಟ್ಟಿನ ಕಡೆಗೆ. ಸ್ವಲ್ಪ ತಡೆಯಿರಿ. ಸೆಸ್ನಾ 152, 172ರಂಥ ವಿಮಾನಗಳಲ್ಲಿ ನಾನು ಮತ್ತೆ ಮತ್ತೆ ಕಂಡ ದೋಷಗಳು ಪೆಟ್ಟಿಗೆಯೊಳಗಿದ್ದುದು ಕಡಿಮೆ. ಅದಕ್ಕೆ ಬಂದು ಸೇರುವ ತಂತಿ, ಅರ್ಥಿಂಗ್, ಆಂಟೆನಾ ಇವುಗಳಲ್ಲಿ ಇದ್ದದ್ದೇ ಹೆಚ್ಚು. ಹಳೆಯ ತಂತಿಗೆ ಹೊಸ ಪೆಟ್ಟಿಗೆ ಸಿಕ್ಕಿಸಿದರೆ ಹಳೆಯ ಸದ್ದೇ ಕೇಳುತ್ತದೆ.

ಸದ್ದಿನ ಮೂಲ ಹುಡುಕಿ

ವಿಮಾನ ನೆಲದ ಮೇಲೇ ಇರಲಿ. ಎಂಜಿನ್ ಚಾಲೂ ಮಾಡಿ, ಹೆಡ್‌ಸೆಟ್ ಹಾಕಿಕೊಂಡು ಥ್ರಾಟಲ್ ನಿಧಾನವಾಗಿ ಏರಿಸಿ, ಇಳಿಸಿ. ಎಂಜಿನ್ ವೇಗದ ಜೊತೆಗೆ ‘ಕುಂಯ್’ ಸ್ವರವೂ ಏರಿಳಿದರೆ ಆಲ್ಟರ್ನೇಟರ್ ಮೇಲೆ ಅನುಮಾನ ಪಡಬೇಕು. ಆಲ್ಟರ್ನೇಟರ್ ಸ್ವಿಚ್ಚನ್ನು ಕ್ಷಣಕಾಲ ಆರಿಸಿ. ಸ್ವರ ನಿಂತಿತೆಂದರೆ ಅನುಮಾನ ಸರಿ. ಟಿಕ್ ಟಿಕ್ ಎಂಬ ಸದ್ದಾದರೆ ಅದು ಎಂಜಿನ್ನಿನ ಕಿಡಿಗೆ ವಿದ್ಯುತ್ ಕೊಡುವ ಎರಡು ಮ್ಯಾಗ್ನೆಟೊಗಳ ಕಡೆಯದು. ಎರಡನ್ನೂ ಒಂದೊಂದಾಗಿ ಬಂದ್ ಮಾಡಿ ನೋಡಿ. ಯಾವುದನ್ನು ಬಂದ್ ಮಾಡಿದಾಗ ಸದ್ದು ನಿಲ್ಲುತ್ತದೋ ಅದರ ತಂತಿಯ ಶೀಲ್ಡ್, ಅಂದರೆ ಲೋಹದ ಹೊದಿಕೆ, ಪರೀಕ್ಷಿಸಬೇಕು. ಎಂಜಿನ್ ಆರಿಸಿದ ಮೇಲೂ ಕರಕರ ಉಳಿದರೆ ಆಂಟೆನಾ ಮತ್ತು ಹೆಡ್‌ಸೆಟ್ ಜಾಕ್ ಕಡೆ ತಿರುಗಿ.

ಒಂದು ವಿಮಾನದ ರೇಡಿಯೊವನ್ನು ಎರಡು ಸಲ ರಿಪೇರಿಗೆ ಕಳಿಸಿದ್ದರು. ಎರಡು ಸಲವೂ ‘ಚೆನ್ನಾಗಿದೆ’ ಎಂಬ ಚೀಟಿಯೊಂದಿಗೆ ವಾಪಸ್ ಬಂತು. ಕೊನೆಗೆ ಬೆನ್ನ ಮೇಲಿನ ಆಂಟೆನಾದ ಸ್ಕ್ರೂ ಬಿಚ್ಚಿದೆವು. ಗ್ಯಾಸ್ಕೆಟ್ ಉಬ್ಬಿತ್ತು. ಅದರಡಿಯ ಅಲ್ಯೂಮಿನಿಯಂ ಮೇಲೆ ಸುಣ್ಣ ಹಚ್ಚಿದಂತೆ ಬಿಳಿ ಪುಡಿ, ಕನೆಕ್ಟರ್ ಮೇಲೆ ಹಸಿರು ಕಿಲುಬು. ಮಳೆಗಾಲದ ನೀರು ಮೆಲ್ಲನೆ ಒಳಗಿಳಿದಿತ್ತು. ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ, ಅಂಚಿಗೆ ಸೀಲಂಟ್ ಬಳಿದ ಮೇಲೆ ನಿಯಂತ್ರಣ ಗೋಪುರದವರ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಯಿತು.

ಒಂದು ಎಚ್ಚರಿಕೆ: ನೋಡುವುದು, ಕೇಳುವುದು, ಬರೆದಿಡುವುದು ಪೈಲಟ್ ಕೆಲಸ. ಬಿಚ್ಚಿ ಜೋಡಿಸಿ ಸಹಿ ಹಾಕಬೇಕಾದವರು ಪರವಾನಗಿ ಇರುವ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಎಂಜಿನಿಯರ್.

ನಳಿಕೆ ಮತ್ತು ರಂಧ್ರ

ವೇಗ, ಎತ್ತರ ತೋರಿಸುವ ಮೀಟರುಗಳು ಗಾಳಿಯನ್ನೇ ನಂಬಿವೆ. ಎದುರುಗಾಳಿಯ ಒತ್ತಡ ಹಿಡಿಯುವ ಪಿಟೊ ನಳಿಕೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಲು ಹೆಚ್ಚು ದಿನ ಬೇಕಿಲ್ಲ. ಹಾರಾಟ ಮುಗಿದ ತಕ್ಷಣ ಕವರ್ ಹಾಕಿ. 1996ರ ಫೆಬ್ರವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಪಿಟೊ ನಳಿಕೆ ಮುಚ್ಚಿಹೋಗಿತ್ತು, ಕಣಜದ ಗೂಡೇ ಕಾರಣವಿರಬಹುದು ಎಂದರು ತನಿಖೆದಾರರು. ಅದೇ ವರ್ಷ ಅಕ್ಟೋಬರಿನಲ್ಲಿ ಲಿಮಾದಿಂದ ಹೊರಟ ಇನ್ನೊಂದು 757 ಬಿದ್ದು 70 ಮಂದಿ ಹೋದರು. ಅದನ್ನು ತೊಳೆಯುವಾಗ ಹೊರಗಿನ ಗಾಳಿಯ ಒತ್ತಡ ತಿಳಿಯುವ ಸ್ಟ್ಯಾಟಿಕ್ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಯಾರೂ ಕಿತ್ತಿರಲಿಲ್ಲ. ನಿಮ್ಮ ಎರಡು ಸೀಟಿನ ವಿಮಾನದಲ್ಲೂ ಇರುವುದು ಇದೇ ಏರ್ಪಾಡು. ತೊಳೆಸಿದ ದಿನ ರಂಧ್ರಗಳನ್ನು ನೀವೇ ಬೆರಳಿಟ್ಟು ನೋಡಿ. ನಳಿಕೆಗೆ ಬಾಯಿಟ್ಟು ಊದಬೇಡಿ, ಮೀಟರ್ ಕೆಡುತ್ತದೆ.

ಜಿಪಿಎಸ್ ದತ್ತಾಂಶ 28 ದಿನಕ್ಕೊಮ್ಮೆ ಹಳತಾಗುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅಪಘಾತವಾದಾಗ ಸಂಕೇತ ಕಳಿಸುವ ಇಎಲ್‌ಟಿ ಇನ್ನೂ 121.5 ಮೆಗಾಹರ್ಟ್ಸ್ ಮಾತ್ರದ್ದಾಗಿದ್ದರೆ ಬದಲಿಸಿ. 2009ರ ಫೆಬ್ರವರಿಯಿಂದ ಉಪಗ್ರಹಗಳು ಅದಕ್ಕೆ ಕಿವಿಗೊಡುತ್ತಿಲ್ಲ, 406 ಮೆಗಾಹರ್ಟ್ಸ್‌ನದು ಬೇಕು. ಭಾರತದಲ್ಲಿ ಆ ಸಂಕೇತ ಬಂದು ಮುಟ್ಟುವುದು ಬೆಂಗಳೂರಿನಲ್ಲಿರುವ ಇಸ್ರೊ ಕೇಂದ್ರಕ್ಕೆ. ಸೆಕೆಂಡ್ ಹ್ಯಾಂಡ್ ವಿಮಾನ ಕೊಂಡವರು ಇಎಲ್‌ಟಿಯ ನೋಂದಣಿಯಲ್ಲಿ ತಮ್ಮ ಫೋನ್ ನಂಬರ್ ಹಾಕಿಸಬೇಕು. ಇಲ್ಲದಿದ್ದರೆ ನೀವು ಕಾಡಿನಲ್ಲಿ ಬಿದ್ದಿರುವಾಗ ಫೋನ್ ರಿಂಗಾಗುವುದು ಹಳೆಯ ಮಾಲೀಕರ ಮನೆಯಲ್ಲಿ.

ಈಗ ಹೊಸದರ ಮಾತು

ದುಡ್ಡು ಒಂದಕ್ಕೇ ಸಾಲುವುದಾದರೆ ದೊಡ್ಡ ಪರದೆಯ ಜಿಪಿಎಸ್ ಬೇಡ, ಸ್ವಂತ ಬ್ಯಾಟರಿ ಇರುವ ಎಲೆಕ್ಟ್ರಾನಿಕ್ ಆಟಿಟ್ಯೂಡ್ ಇಂಡಿಕೇಟರ್ (ದಿಗಂತಕ್ಕೆ ಹೋಲಿಸಿ ವಿಮಾನದ ವಾಲಿಕೆ ತೋರಿಸುವ ಮೀಟರ್) ಹಾಕಿಸಿ ಎನ್ನುತ್ತೇನೆ. ಹಳೆಯದನ್ನು ತಿರುಗಿಸುವ ಒಣ ವ್ಯಾಕ್ಯೂಮ್ ಪಂಪಿನೊಳಗಿನ ಗ್ರಾಫೈಟ್ ಪಟ್ಟಿಗಳು ಮುನ್ಸೂಚನೆ ಕೊಡದೆ ಮುರಿಯುತ್ತವೆ. ಮೋಡದೊಳಗೆ ಅದು ಮುರಿದರೆ ದಿಗಂತವೇ ಕೈಬಿಟ್ಟಂತೆ. ಜಿಪಿಎಸ್ ಕೊಳ್ಳುವುದೇ ಆದರೆ ಉಪಗ್ರಹ ತಿದ್ದುಪಡಿ ಸ್ವೀಕರಿಸುವಂಥದ್ದು ನೋಡಿ. ಬೆಂಗಳೂರಿನ ಕುಂದಲಹಳ್ಳಿಯಿಂದ ಮೇಲೇರುವ ಗಗನ್ (ಜಿಪಿಎಸ್ ತಿದ್ದುವ ಭಾರತದ ವ್ಯವಸ್ಥೆ) ಸಂಕೇತ ಅಂಥವಕ್ಕೆ ಮಾತ್ರ ದಕ್ಕುತ್ತದೆ.

ಆರ್ಡರ್ ಕೊಡುವ ಮುನ್ನ ವೋಲ್ಟ್ ಕೇಳಿ: ಸೆಸ್ನಾ 150ಕ್ಕೆ 14, 152ಕ್ಕೆ 28. ನಿಮ್ಮ ಮಾದರಿಗೆ ಆ ಸಾಧನ ಅಳವಡಿಸಲು ಅನುಮೋದನೆ ಇದೆಯೇ ಎಂಬುದನ್ನು ಕಾಗದದ ಮೇಲೆ ನೋಡಿ. ಆಲ್ಟರ್ನೇಟರ್ ಎಷ್ಟು ಆಂಪಿಯರ್ ಹೊರಬಲ್ಲದು ಎಂಬ ಲೆಕ್ಕವನ್ನೂ ಹಾಕಿಸಿ.

ಅಳವಡಿಸಿದ ಮೇಲೆ ಬಹಳ ಮಂದಿ ಬಿಟ್ಟುಬಿಡುವ ಪರೀಕ್ಷೆ ಒಂದಿದೆ. ಜಿಪಿಎಸ್ ಕೇಳುವುದು 1575.42 ಮೆಗಾಹರ್ಟ್ಸ್‌ನಲ್ಲಿ. ರೇಡಿಯೊ ಮಾತು ಕಳಿಸುವಾಗ ತನ್ನ ಆವರ್ತನದ ಗುಣಕಗಳಲ್ಲೂ ಸ್ವಲ್ಪ ಸೋರುತ್ತದೆ. ಅದರ 121.2ನ್ನು 13ರಿಂದ ಗುಣಿಸಿದರೆ 1575.6. ಪಕ್ಕದಲ್ಲೇ ಬಂತಲ್ಲ! ವಿಮಾನವನ್ನು ಬಯಲಿನಲ್ಲಿ ನಿಲ್ಲಿಸಿ, ಗೋಪುರಕ್ಕೆ ತಿಳಿಸಿ, ಬೇರೆ ಯಾರೂ ಬಳಸುತ್ತಿಲ್ಲ ಎಂದು ಖಚಿತ ಮಾಡಿಕೊಂಡು 121.150, 121.175, 121.200, ಆಮೇಲೆ 131.250, 131.275, 131.300ರಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಮೈಕ್ ಒತ್ತಿಡಿ. ಅಷ್ಟು ಹೊತ್ತೂ ಕಣ್ಣು ಜಿಪಿಎಸ್‌ನ ಉಪಗ್ರಹ ಪಟ್ಟಿಯ ಮೇಲಿರಲಿ. ಸಂಕೇತದ ಬಲ ತೋರಿಸುವ ಕಂಬಗಳು ಕುಸಿದರೆ ಆಂಟೆನಾಗಳು ತೀರಾ ಹತ್ತಿರ ಕೂತಿವೆ, ಇಲ್ಲವೇ ಕೇಬಲ್ ಸೋರುತ್ತಿದೆ.

ಕೊನೆಗೆ ವಿಮಾನದ ತೂಕದ ಹಾಳೆ ತಿದ್ದಿಸಿ. ಎಲ್ಲ ಸ್ವಿಚ್ ಹಾಕಿ, ಎಂಜಿನ್ ಓಡುತ್ತಿರುವಾಗ ವಿಮಾನವನ್ನು ಸುತ್ತ ತಿರುಗಿಸಿ ದಿಕ್ಸೂಚಿಯ ತಪ್ಪನ್ನು ಅಳೆಯಿಸಿ, ದಿಕ್ಸೂಚಿಯ ಕೆಳಗೆ ಹೊಸ ದಿನಾಂಕದ ಚೀಟಿ ಹಾಕಿಸಿ.